ಎಡಭುಜದ ಹೂವು

ಕಂಪ್ಲಿ
೧೪–೧೧–೧೯೩೪

ಯಲ್ಲಕ್ಕಾ,

ನಿನ್ನ ತಂಗಿ ಹಂಪಮ್ಮ ಮಾಡುವ ನಮಸ್ಕಾರ. ಚೆನ್ನಾಗಿದ್ದೇನೆ ಅಂತ ಬರೆಯಲಾರೆ. ಕಾಳಿನ ಕೋಣೆಯಲ್ಲಿದ್ದೇನೆ, ಹೊರಗಿನಿಂದ ಅಗಳಿ ಹಾಕಿದ್ದಾರೆ. ಜೋಳದ ಚೀಲದ ಮೇಲೆ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನಿನ್ನೆ ಊರಮ್ಮನ ಗುಡಿಯಲ್ಲಿ ಹೂವು ಕೇಳಿದಾಗ ನೀನು ನನ್ನ ಮುಖ ನೋಡಲಿಲ್ಲ. ಆಮೇಲೆ ಉಣ್ಣದೆ ಬಂಡಿ ಹತ್ತಿ ಹೋದೆ. ಹೆಂಡತಿ ಸತ್ತ ಜಡೆಪ್ಪ ಸಾವುಕಾರರಿಗೆ ನನ್ನನ್ನು ಕೊಡಬೇಕೋ ಬೇಡವೋ ಎಂದು ತಾನೆ ಅಮ್ಮನನ್ನು ಕೇಳಿದ್ದು? ಅಮ್ಮನ ಮೂರ್ತಿಯ ಬಲಭುಜದ ಹೂವು ಮೊದಲು ಬಿದ್ದರೆ ಕೊಡಿ, ಎಡದ್ದು ಬಿದ್ದರೆ ಬೇಡ. ಸಾವುಕಾರರು ಅಪ್ಪನ ಓರಗೆಯವರು ಎಂಬುದನ್ನು ಮಾತ್ರ ಅಮ್ಮನಿಗೆ ಯಾರೂ ಹೇಳಲಿಲ್ಲ.

ಪೂಜಾರಿ ಎರ್ರಿಯಪ್ಪ ಹೂವನ್ನು ನೀರಿನಲ್ಲಿ ಅದ್ದಿ ಎರಡೂ ಭುಜಕ್ಕೆ ಅಂಟಿಸಿದ. ಗಂಟೆ ಬಾರಿಸುವುದರೊಳಗೆ ಎಡದ್ದು ಜಾರಿತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಾವುಕಾರರ ಅಕ್ಕ ಗಾಳೆಮ್ಮ, ಅಮ್ಮಗ ಇವತ್ತು ಭಾಳ ಅವಸರ ಐತಿ ನೋಡ್ರಿ, ಅಂತ ಚುಚ್ಚಿದಳು.

ಆ ಹೂವು ನನ್ನ ಕಾಲ ಹತ್ತಿರ ಉರುಳಿ ಬಂತು. ಅಕ್ಕಾ, ಎರಡೂ ಭುಜಕ್ಕೆ ಕೆಂಪು ಕಣಗಿಲೆಯೇ ಆಗಬೇಕು, ಅದು ಕಣಗಿಲೆಯಲ್ಲ. ಎರ್ರಿಯಪ್ಪನ ಕಣ್ಣಿಗೆ ಪೊರೆ, ಅವನಿಗೆ ಎಲ್ಲ ಕೆಂಪೂ ಒಂದೇ. ಕಣಗಿಲೆಗೆ ಐದು ಎಸಳು, ಗಿರಿಗಿಟ್ಟಲೆಯ ಹಾಗೆ ಒಂದೇ ಕಡೆಗೆ ತಿರುಚಿಕೊಂಡಿರುತ್ತವೆ, ನಡುವೆ ಕುಚ್ಚು, ತೂಕವೇ ಇಲ್ಲ. ಇದರ ಎಸಳು ಒಂದರಂತೆ ಒಂದಿಲ್ಲ, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಒಂದು ಎಸಳು ಕೆಳಕ್ಕೆ ಸುರುಳಿ ಸುತ್ತಿತ್ತು, ಅದರ ಮೇಲೆ ಹಳದಿ ಚುಕ್ಕೆ. ಇನ್ನೊಂದು ಸಣ್ಣ ಎಸಳಿನ ಅಂಚಿಗೆ ಪರಾಗದ ಚೀಲವನ್ನು ಯಾರೋ ಹೊಲಿದ ಹಾಗೆ ಅಂಟಿತ್ತು. ಬುಡದಲ್ಲಿ ಹಾಗಲದ ಎಳೆಮಿಡಿಯಂತೆ ಗುಳ್ಳೆಗುಳ್ಳೆಯ ಹಸಿರು ಕಾಯಿ. ಅದರ ಭಾರಕ್ಕೇ ಹೂವು ಜಾರಿದ್ದು.

ಅದು ಕಾಬಾಳೆ. ಬಾಳೆಯಂಥ ಎಲೆಯಿದ್ದೂ ಗೊನೆ ಬಿಡದ ಗಿಡ. ನಮ್ಮ ಕೇರಿಯಲ್ಲಿ ಎಲ್ಲೂ ಇಲ್ಲ. ಹೊಸಪೇಟೆ ಸ್ಟೇಷನ್ನಿನಲ್ಲಿ, ಭಾವ ದೀಪಗಳನ್ನು ಒರೆಸಿಡುವ ಕೋಣೆಯ ಮುಂದೆ ಸಾಲಾಗಿದೆ. ಹೂವಿನ ಪೊಟ್ಟಣ ತಂದವಳು ನೀನು. ಬಲಕ್ಕೆ ಕಣಗಿಲೆ, ಎಡಕ್ಕೆ ಇದನ್ನು ಎತ್ತಿ ಕೊಟ್ಟವಳೂ ನೀನು.

ನನ್ನ ಸಲುವಾಗಿ ಮಾಡಿದೆ, ಗೊತ್ತು. ನಾನು ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಸಂಜೆ ಅಪ್ಪ ನನ್ನನ್ನೇ ಕರೆದ. ಗಾಳೆಮ್ಮ ಏನೇನೋ ಅಂತಾಳ, ಈ ಮನ್ಯಾಗ ಸುಳ್ಳು ಹೇಳದಾಕಿ ನೀ ಒಬ್ಬಾಕಿ, ಗುಡಿಯಾಗ ಎಲ್ಲಾ ಸರಿ ಇತ್ತೇನು ಅಂತ ಕೇಳಿದ. ಶಾಲೆಗೆ ಇನ್ಸ್‌ಪೆಕ್ಟರು ಬಂದ ದಿನ, ಲೆಕ್ಕ ತುಂಬಿಸಲು ಮುಂದಿನ ಸಾಲಿನ ಹುಡುಗಿಯರನ್ನು ಬೇರೆ ಓಣಿಯಿಂದ ಎರವಲು ತಂದು ಕೂಡಿಸಿದ್ದಾರೆ ಎಂದು ಎದ್ದು ನಿಂತು ಹೇಳಿದ್ದಕ್ಕಲ್ಲವೇ ನನ್ನ ಶಾಲೆ ತಪ್ಪಿದ್ದು? ಆಮೇಲೂ ನನಗೆ ಬುದ್ಧಿ ಬಂದಿಲ್ಲ. ಸರಿ ಇರಲಿಲ್ಲ ಅಂದೆ. ಯಾರು ಅಂತ ಕೇಳಿದ. ನಿನ್ನ ಹೆಸರು ಹೇಳಿದೆ. ಅವ್ವ ಹಣೆ ಬಡಿದುಕೊಂಡಳು.

ನಾಡಿದ್ದು ಶುಕ್ರವಾರ ಮತ್ತೆ ಹೂವು ಕೇಳಿಸುವುದೆಂದು ಅಪ್ಪ ಅಂದ. ಈ ಸಲ ಗಾಳೆಮ್ಮನ ಹಿತ್ತಲಿನ ಹೂವು. ಆಗ ಇನ್ನೊಂದು ನಿಜವನ್ನೂ ಹೇಳಿಬಿಟ್ಟೆ: ಯಾವ ಭುಜದ್ದಾದರೂ ಬೀಳಲಿ, ನಾನು ಒಲ್ಲೆ, ಗುಡಿಯಲ್ಲಿ ಎಲ್ಲರೆದುರಿಗೂ ಇದನ್ನೇ ಅನ್ನುತ್ತೇನೆ. ಅಂದದ್ದನ್ನು ಮಾಡುವವಳೆಂದು ಅಪ್ಪನಿಗೆ ಗೊತ್ತು, ಅದಕ್ಕೇ ಈ ಅಗಳಿ. ಆದರೆ ಹೂವು ಕೇಳುವಾಗ ಹುಡುಗಿ ಎದುರಿಗಿರಬೇಕಲ್ಲ, ಶುಕ್ರವಾರ ಬಾಗಿಲು ತೆಗೆಯಲೇಬೇಕು.

ಅಲ್ಲಿಯವರೆಗೆ ಇಲ್ಲಿ ನಾನು, ಇಲಿಗಳು, ಜೋಳದ ಧೂಳು. ಕಿಟಕಿಯಲ್ಲಿ ಅಂಗೈಯಷ್ಟು ಆಕಾಶ. ನಿನ್ನನ್ನು ಇನ್ನು ಈ ಹೊಸ್ತಿಲು ದಾಟಿಸುವುದಿಲ್ಲ ಎಂದು ಅಪ್ಪ ಅಂದಿದ್ದಾನೆ. ಅದೊಂದಕ್ಕೆ ನನಗೆ ರೊಟ್ಟಿ ಇಳಿಯುತ್ತಿಲ್ಲ. ಹೇಳಿದ್ದು ತಪ್ಪೆಂದು ಮಾತ್ರ ಬರೆಯಲಾರೆ.

ಬಳೆ ಮಾರುವ ತಾಯಕ್ಕ ಹೊಸಪೇಟೆ ಕಡೆ ಹೊರಟಿದ್ದಾಳೆ, ಕಿಟಕಿಯಿಂದ ಅವಳ ಕೈಗೆ ಕೊಟ್ಟು ಕಳಿಸುತ್ತೇನೆ.

ಬಾಯಿ ಕಟ್ಟಲು ಬಾರದ ನಿನ್ನ ತಂಗಿ,
ಹಂಪಮ್ಮ

ತಾ.ಕ.: ಕಿಟಕಿಯಲ್ಲಿ ರೊಟ್ಟಿ ಕೊಡಲು ಬಂದ ಅವ್ವ ಈಗ ಹೇಳಿದಳು, ಕಾಬಾಳೆ ತಾ ಎಂದು ನಿನಗೆ ಹೇಳಿಕಳಿಸಿದವಳು ತಾನೇ ಎಂದು. ನನಗೆ ತಿಳಿದರೆ ಒದರಿಬಿಡುತ್ತೇನೆಂದು ಮುಚ್ಚಿಟ್ಟಿದ್ದಳಂತೆ. ಅವಳು ಅತ್ತ ಹೋದ ಮೇಲೆ ಅಪ್ಪ ಬಾಗಿಲಾಚೆ ಬಂದು ನಿಂತು ಕೇಳಿದ, ಇದರಾಗ ನಿಮ್ಮವ್ವನ ಕೈ ಐತೇನು ಅಂತ. ಇಲ್ಲ ಅಂದೆ. ಕೂಡಲೇ ನಂಬಿದ.