ಬಾವಿಯ ಹಗ್ಗ

೧೪ ಅಕ್ಟೋಬರ್ ೧೯೫೭, ಸೋಮವಾರ

ನಾನು ರೇಣುಕವ್ವ, ಗಜೇಂದ್ರಗಡದ ದೊಡ್ಡ ಮನೆಯ ಯಜಮಾನಿ, ಹೈಸ್ಕೂಲು ಓದಿದವಳು. ಗಂಡ ಹೋದ ಮೇಲೆ ನೀರು ಚಿಮ್ಮುವ ಕೈಪಂಪು ಕೊಂಡು, ಆಳು ಕಟ್ಟಿಕೊಂಡು, ಸುತ್ತಲಿನ ಊರುಗಳಲ್ಲಿ ಮನೆಗಳ ಹೊರಗೋಡೆ ತೊಳೆಸುವ ಉದ್ಯೋಗ ನಡೆಸಿದ್ದೇನೆ. ನನಗೆ ಯಾರೂ ಎದುರಾಡಿರಲಿಲ್ಲ. ಇಂದು ಆಡಿದರು.

ಜಕ್ಕಲಿಯಲ್ಲಿ ಮಗಳ ಮಾವ ಅಂದಾನಪ್ಪನವರ ಮನೆ. ದೀಪಾವಳಿ ಹತ್ತಿರ ಬಂತೆಂದು ಅದನ್ನು ತೊಳೆಸಲು ಇಂದು ಹೋಗಿದ್ದೆ. ಅರ್ಧ ಗೋಡೆ ತೊಳೆಯುವುದರೊಳಗೆ ನೀರು ತೀರಿತು. ಹರಿಜನ ಕೇರಿಯ ನನ್ನ ಆಳು ಹನಮಪ್ಪ ಅಂಗಳದ ಬಾವಿಯ ಹಗ್ಗಕ್ಕೆ ಕೈ ಹಾಕಿದ.

"ಏ, ಹಗ್ಗ ಬಿಡಲೇ! ನೀರು ಬೇಕಂದ್ರ ಹಳ್ಳಕ್ಕ ಹೋಗಿ ತಾ!" ಎಂದು ಬೀಗರು ಕೂಗಿದರು.

"ಬೀಗರ, ನಿಮ್ಮ ಗೋಡಿ ಹೊಲಸಿಗೆ ಅವನ ಕೈ ಬೇಕು, ಬಾವಿಗೆ ಬ್ಯಾಡೇನ್ರಿ?" ಎಂದೆ.

"ನಿಮ್ಮ ಬಾವ್ಯಾಗ ಸೇದತಾನೇನ್ರಿ?" ಎಂದು ನಕ್ಕರು.

ಸೇದುವುದಿಲ್ಲ. ನಮ್ಮ ಮನೆಯಲ್ಲೂ ಸೊಸೆ ನೀರು ಸೇದಿ ಮೇಲಿನಿಂದ ಸುರಿಯುತ್ತಾಳೆ, ಅವನು ಕೆಳಗೆ ಕೊಡ ಹಿಡಿಯುತ್ತಾನೆ.

ಸಿಟ್ಟು ಬರಲಿಲ್ಲ, ನಾಚಿಕೆಯೂ ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಾಯಿತು, ಈಗಲೂ ಹಾಗೇ ಇದೆ. ಪಂಪನ್ನು ಗಾಡಿಗೆ ಹಾಕಿಸಿ, ಅರ್ಧ ತೊಳೆದ ಗೋಡೆಯನ್ನು ಬೀದಿಗೆ ಕಾಣುವಂತೆ ಬಿಟ್ಟು ಬಂದೆ. ಮಗಳು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ನಾಳೆಯಿಂದ ಅವಳು ಏನೇನು ಕೇಳಬೇಕೋ. ಅದನ್ನು ಯೋಚಿಸಲೂ ಆಗುತ್ತಿಲ್ಲ.

ಮನೆಗೆ ಬಂದು ನಮ್ಮ ಬಾವಿಯ ಹಗ್ಗವನ್ನು ಹನಮಪ್ಪನ ಕೈಗೆ ಕೊಟ್ಟೆ.

"ಬ್ಯಾಡ್ರಿ ಅವ್ವಾರ, ನಾವು ಈ ಊರಾಗ ಬಾಳೇ ಮಾಡಬೇಕ್ರಿ" ಎಂದ.

"ಸೇದೋ" ಎಂದೆ.

ಸೇದಿದ. ಆ ಕೊಡವನ್ನು ನಾನೇ ಅಡುಗೆಮನೆಗೆ ಹೊತ್ತು ತಂದು, ಅದೇ ನೀರಿನಲ್ಲಿ ರೊಟ್ಟಿಯ ಹಿಟ್ಟು ನಾದಿದೆ. ರೊಟ್ಟಿ ಬಡಿಸಿದಾಗ ನನ್ನ ಮುದಿ ಅತ್ತೆ ಊಟ ಬಿಟ್ಟು ಎದ್ದು ಹೋದರು. ಉಳಿದವರೆಲ್ಲ ಉಂಡರು.