ಪೇಪರಿಗೆ ಕೊಟ್ಟ ಮುಖ

11 ಸೆಪ್ಟೆಂಬರ್ 1997, ಗುರುವಾರ

ಎಂಟಕ್ಕೇ ಸ್ಟುಡಿಯೋ ತೆಗೆದೆ. ರೇಷನ್ ಕಾರ್ಡಿನ ಫೋಟೋ — ಮಧ್ಯಾಹ್ನದೊಳಗೆ ಮೂವತ್ತೊಂದು ಜನ. ಕತ್ತು ನೇರ, ಕಣ್ಣು ಬಿಡಿ, ಆಯ್ತು, ಮುಂದಿನವರು ಬನ್ನಿ. ಒಂದು ಮುಖವೂ ನೆನಪಿನಲ್ಲಿ ಉಳಿಯುವುದಿಲ್ಲ.

ಕೆ.ಆರ್. ಪುರದ ತುಂಬ ಒಂದೇ ಮಾತು — ಗನ್ ಸೀನ. ಸೋಮವಾರ ಹಾಡುಹಗಲೇ ಹಲಸೂರಿನ ಮಾರ್ಕೆಟ್ಟಿನಲ್ಲಿ ಕೇಬಲ್ ಆಪರೇಟರ್ ಒಬ್ಬನನ್ನು ಗುಂಡು ಹೊಡೆದು ಕೊಂದು ಮಾಯವಾದವನು. ನಿಜವಾದ ಹೆಸರು ಶ್ರೀನಾಥ್. ಪೇಪರಿನವರು ಒಂದೇ ದಿನದಲ್ಲಿ ಹೊಸ ಹೆಸರಿಟ್ಟರು. ಎದುರು ಟೀ ಅಂಗಡಿಯ ಮುನಿಕೃಷ್ಣಪ್ಪ ಗಟ್ಟಿಯಾಗಿ ಓದುತ್ತಾರೆ, ಸುತ್ತ ಇಪ್ಪತ್ತು ಜನ. ಒಂದು ಪೇಪರಿನಲ್ಲಿ ಅವನು ಐದಡಿ, ಇನ್ನೊಂದರಲ್ಲಿ ಆರಡಿ. ಫೋಟೋ ಮಾತ್ರ ಯಾರ ಹತ್ತಿರವೂ ಇಲ್ಲ. ಒಂದರಲ್ಲಿ ಚಿತ್ರ ಬರೆಸಿ ಹಾಕಿದ್ದಾರೆ. ಅತ್ತೆ ನೋಡಿ, "ಸತ್ತೋದ ನಿಮ್ಮ ಮಾವ ಇದ್ದಂಗೇ ಅವ್ನಲ್ಲೇ" ಅಂದರು.

12, ಶುಕ್ರವಾರ, ಮಧ್ಯಾಹ್ನ 2

ಊಟ ಸೇರಲಿಲ್ಲ. ಬೆರಳಿನಲ್ಲಿ ಇನ್ನೂ ಫೋಟೋ ತೊಳೆಯುವ ಹೈಪೋ ವಾಸನೆ.

ಬೆಳಿಗ್ಗೆ ಹತ್ತಕ್ಕೆ ಶಿವಾಜಿನಗರದಿಂದ ಒಬ್ಬ ಬೈಕಿನಲ್ಲಿ ಬಂದ. ವಾಜಿದ್ ಅಂತೆ, ಸಂಜೆ ಪೇಪರಿನ ರಿಪೋರ್ಟರ್. ಕೈಯಲ್ಲಿ ನಮ್ಮ ಸ್ಟುಡಿಯೋದ ಕವರ್, ಖಾಲಿ. ಸೀನ ಬಾಡಿಗೆಗಿದ್ದ ಬೈಯಪ್ಪನಹಳ್ಳಿ ರೂಮಿನಲ್ಲಿ ಸಿಕ್ಕಿತಂತೆ. ಮೇಲೆ ನನ್ನದೇ ಕೈಬರಹದ ನಂಬರು.

"ಅಕ್ಕಾ, ಇದರ ನೆಗೆಟಿವ್ ಇದ್ರೆ ಇಡೀ ಬೆಂಗಳೂರಲ್ಲಿ ನಮ್ಮತ್ರ ಮಾತ್ರ ಅವನ ಫೋಟೋ. ಹನ್ನೊಂದೂವರೆಗೆ ಪೇಜ್ ಹೋಗುತ್ತೆ. ಜಲ್ದಿ ನೋಡಿ."

ಕವರಿನ ನಂಬರು ಓದಿ ನೆಗೆಟಿವ್ ಡಬ್ಬ ಎಳೆದೆ. 211. ಸಿಕ್ಕೇಬಿಟ್ಟಿತು. ಡಾರ್ಕ್‌ರೂಮಿಗೆ ಓಡಿದೆ. ಡೆವಲಪರಿನಲ್ಲಿ ಮುಖ ಮೆಲ್ಲಗೆ ಎದ್ದು ಬಂತು — ಒಳಗೆ ಹೋದ ಕೆನ್ನೆ, ಕುರುಚಲು ಗಡ್ಡ, ದೊಡ್ಡ ಕಣ್ಣು. ಈ ಕೊಲೆಗಾರನಿಗೆ ಕತ್ತು ಎತ್ತು ಅಂದಿದ್ದೇನೆ ನಾನು.

ಒದ್ದೆ ಪ್ರಿಂಟನ್ನೇ ತೆಗೆದುಕೊಂಡು ಹೋದ.

13, ಶನಿವಾರ

ನಿನ್ನೆ ಸಂಜೆಯ ಪೇಪರ್, ಮುಖಪುಟ. ನಾಲ್ಕು ಕಾಲಂ. ಕೆಳಗೆ — ಚಿತ್ರ: ಧನಲಕ್ಷ್ಮಿ, ಕೆ.ಆರ್. ಪುರ. ಹತ್ತು ಸಲ ಓದಿದೆ. ಹನ್ನೊಂದನೇ ಸಲ ಅತ್ತೆಗೆ ಓದಿ ಹೇಳಿದೆ.

ಅಂಗಡಿ ಮುಂದೆ ಜಾತ್ರೆ. ಅವನು ಕೂತಿದ್ದ ಸ್ಟೂಲ್ ಯಾವುದು ಅಂತ ಕೇಳುತ್ತಾರೆ. ತೋರಿಸಿದೆ. ಒಬ್ಬ ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡ. ಇಂದಿರಾನಗರದ ಹೋಟೆಲಿನಲ್ಲಿ ಸೀನ ಮಸಾಲೆದೋಸೆ ತಿನ್ನುವುದನ್ನು ನೋಡಿದವರು ಇಬ್ಬರು. ಅದೇ ಹೊತ್ತಿಗೆ ರೈಲಿನಲ್ಲಿ ಕಂಡವರು ಮೂವರು. "ಆ ಕಣ್ ನೋಡಮ್ಮ ಧನಮ್ಮ, ಆ ಕಣ್ಣಲ್ಲೇ ಗೊತ್ತಾಗುತ್ತೆ" ಅಂದರು ಮುನಿಕೃಷ್ಣಪ್ಪ. ನಾನೂ ಹೌದು ಅಂದೆ.

15, ಸೋಮವಾರ

ಬರೆಯಲು ಆಗುತ್ತಿಲ್ಲ. ಬರೆಯಲೇಬೇಕು.

ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಸೆರಗಿನ ತುಂಬ ಸಿಮೆಂಟು. ಮಡಿಚಿದ ಪೇಪರನ್ನು ಟೇಬಲ್ ಮೇಲೆ ಬಿಚ್ಚಿಟ್ಟಳು.

"ಅಕ್ಕಾರ, ಇಂವ ನನ್ನ ಗಂಡ ಅದಾನ್ರಿ. ಪೀರಪ್ಪ. ಗಾರೆ ಕೆಲಸ ಮಾಡ್ತಾನ. ಬಂದೂಕು ಕಣ್ಣಿಲೆ ಸುದ್ದಾ ನೋಡಿಲ್ರಿ ಅಂವ."

ಹೆಸರು ಜಟ್ಟೆಮ್ಮ. ಯಾದಗಿರಿ ಕಡೆಯವರು. ಶುಕ್ರವಾರ ಸಂಜೆ ಶೆಡ್ಡಿನ ಅಕ್ಕಪಕ್ಕದವರೇ ಕಲ್ಲು ತೆಗೆದುಕೊಂಡು ಬಂದರಂತೆ. ಅವನು ಹಿಂದಿನಿಂದ ಓಡಿದ. ಮಹದೇವಪುರದಲ್ಲಿ ಅರ್ಧ ಕಟ್ಟಿದ ಮನೆಯೊಂದರಲ್ಲಿ ಅಡಗಿ ಮೂರು ದಿನ. "ಪೊಲೀಸರು ಕಂಡಲ್ಲೇ ಹೊಡಿತಾರಂತ ಮಂದಿ ಅಂತಾರ್ರಿ. ಖರೇ ಏನ್ರಿ?"

ರಿಜಿಸ್ಟರ್ ತೆಗೆದೆ. ಶುಕ್ರವಾರ ತೆಗೆಯಬೇಕಿತ್ತು. ತೆಗೆದಿರಲಿಲ್ಲ.

211 — ಪೀರಪ್ಪ. 217 — ಶ್ರೀನಾಥ್, ಬೈಯಪ್ಪನಹಳ್ಳಿ.

ಅವಸರದಲ್ಲಿ ಬರೆದ ನನ್ನ ಏಳು ಒಂದರ ಹಾಗೆಯೇ ಕಾಣುತ್ತದೆ. ಬರೆದವಳೂ ನಾನೇ, ತಪ್ಪಾಗಿ ಓದಿದವಳೂ ನಾನೇ. ಜಟ್ಟೆಮ್ಮನಿಗೆ ಹೇಳಿದೆ. ಬೈಯಲಿಲ್ಲ. ಗೋಡೆಗೆ ಒರಗಿ ಹಾಗೇ ನೆಲದ ಮೇಲೆ ಕೂತಳು.

ಪಕ್ಕದ ಎಸ್‌ಟಿಡಿ ಬೂತಿನಿಂದ ವಾಜಿದ್‌ಗೆ ಫೋನ್. ಲೈನಿನಲ್ಲೇ ಇರಿ ಅಂದು ಎದ್ದು ಹೋದ. ಆಮೇಲೆ, "ಎಡಿಟರ್‌ನ ಕೇಳ್ದೆ ಅಕ್ಕಾ. ಐದನೇ ಪೇಜಲ್ಲಿ ನಾಲ್ಕು ಸಾಲು ಹಾಕ್ತಾರಂತೆ."

"ಮುಖ ಮೊದಲ್ನೇ ಪೇಜು, ಕ್ಷಮೆ ಐದನೇ ಪೇಜಾ?"

"ನಾನೇನ್ ಮಾಡ್ಲಿ ಹೇಳಿ."

ಎಲ್ಲಿಂದ ಧೈರ್ಯ ಬಂತೋ. "217 ನನ್ನತ್ರ ಇದೆ ವಾಜಿದ್. ನಿಜವಾದ ಸೀನ. ನಾಳೆ ಪೊಲೀಸ್ರಿಗೆ ಹೇಗೂ ಕೊಡ್ತೀನಿ. ನಿಮಗೆ ಬೇಕಂದ್ರೆ ಪೀರಪ್ಪನವರ ಸುದ್ದಿ ಮೊದಲ್ನೇ ಪೇಜಲ್ಲಿ ಬರ್ಬೇಕು, ಅಷ್ಟೇ ದೊಡ್ಡದಾಗಿ."

"ತಪ್ಪು ಯಾರದು ಅಂತ ಬರೀಲಿ?"

"ನಂದು ಅಂತ ಬರಿ."

16, ಮಂಗಳವಾರ, ಸಂಜೆ

ಕಾಲು ಸೋತುಹೋಗಿದೆ. ಆದರೆ ಕೂರಲು ಆಗುತ್ತಿಲ್ಲ.

ಬೆಳಿಗ್ಗೆ ನಾನು, ಜಟ್ಟೆಮ್ಮ ಆಟೋದಲ್ಲಿ. ವಾಜಿದ್ ತನ್ನ ಬೈಕಿನಲ್ಲಿ, ಕತ್ತಿನಲ್ಲಿ ಕ್ಯಾಮೆರಾ. ಮಹದೇವಪುರ. ಪೀರಪ್ಪ ಸಿಮೆಂಟ್ ಮೂಟೆಗಳ ಹಿಂದೆ ಇದ್ದ. ಹೊರಗೆ ಬರಲು ಒಪ್ಪಲಿಲ್ಲ. ನನ್ನನ್ನೇ ನೋಡಿದ.

"ಫೋಟೋ ಹೊಡದೋರು ನೀವಽ ಏನ್ರಿ?"

"ಹೌದು. ತಪ್ಪು ನಂದೇ."

"ನಾ ಕಣ್ಣು ಮುಚ್ಚಿದ್ನಂತ ಎರಡು ಸಲ ಹೊಡದ್ರಿ. ದೊಡ್ಡದಾಗಿ ತೆಗಿ ಅಂದ್ರಿ. ಅದಕ್ಕಽ ತೆಗದೆ."

ಊರೆಲ್ಲ ಕೊಲೆಗಾರನ ಕಣ್ಣು ಅಂದದ್ದು ಅದನ್ನೇ. ಕೈ ಹಿಡಿದು ಎಬ್ಬಿಸಿದೆ.

ಹೆದ್ದಾರಿಯಲ್ಲಿ ಆಟೋ ಇಳಿದು ಠಾಣೆಯ ಕಡೆ ನಡೆದೆವು. ಕದ್ದು ಕರೆದುಕೊಂಡು ಹೋಗುವುದು ಬೇಡ, ಎಲ್ಲರೂ ನೋಡಲಿ ಅಂತ ವಾಜಿದ್ ಹೇಳಿದ್ದ. ಹತ್ತು ಹೆಜ್ಜೆಗೆ ಹತ್ತು ಜನ, ಮಾರ್ಕೆಟ್ ದಾಟುವಾಗ ಇನ್ನೂರು. "ಸೀನ ಸಿಕ್ಕಿಬಿದ್ದ ಗುರು" ಅಂತ ಯಾರೋ ಕೂಗಿದ. ಬಸ್ಸುಗಳೇ ನಿಂತವು. ಒಂದು ಕಲ್ಲು ಬಂದು ನನ್ನ ಭುಜಕ್ಕೆ ತಗುಲಿತು. ನೋವೇ ಗೊತ್ತಾಗಲಿಲ್ಲ. ಎರಡೂ ಪ್ರಿಂಟನ್ನು ಎತ್ತಿ ಹಿಡಿದು ಕೂಗುತ್ತಾ ನಡೆದೆ — ಇವರು ಸೀನ ಅಲ್ಲ, ಇವನು ಸೀನ. ಜೀವನದಲ್ಲಿ ಬೀದಿಯಲ್ಲಿ ದನಿ ಎತ್ತಿದವಳಲ್ಲ. ಜಟ್ಟೆಮ್ಮ ಗಂಡನ ಬೆನ್ನಿಗೆ ಅಂಟಿಕೊಂಡೇ ನಡೆದಳು.

ಇನ್‌ಸ್ಪೆಕ್ಟರ್ ರಿಜಿಸ್ಟರ್ ನೋಡಿದರು, ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದರು. ಗುಂಡು ಹಾರಿದಾಗ ಪಕ್ಕದಲ್ಲೇ ಇದ್ದ, ಸತ್ತವನ ತಮ್ಮನನ್ನು ಹಲಸೂರಿನಿಂದ ಕರೆಸಿದರು. ಪೀರಪ್ಪನನ್ನು ನೋಡಿ, "ಇವನಲ್ಲ ಸಾರ್" ಅಂದ. 217 ನೋಡಿ ಮುಖ ತಿರುಗಿಸಿದ.

ಮೂರು ಗಂಟೆಗೆ ಬಿಟ್ಟರು. ಹೊರಗೆ ಬಂದ ಪೀರಪ್ಪ ನಲ್ಲಿಗೆ ಬಾಯಿ ಕೊಟ್ಟು ಕುಡಿದ, ಕುಡಿದ, ಕುಡಿಯುತ್ತಲೇ ಇದ್ದ.

17, ಬುಧವಾರ

ಬಂತು. ಮುಖಪುಟ, ಎರಡು ಮುಖ ಅಕ್ಕಪಕ್ಕ. ನನ್ನ ಹೆಸರು, ನನ್ನ ತಪ್ಪು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಓದಿದ್ದು ಸಾಕು, ಬಾ ಉಣ್ಣು" ಅಂದರು.

22, ಸೋಮವಾರ

ಸಿಕ್ಕಿದ. ಹೊಸಕೋಟೆ ಬಸ್ಸಿನಲ್ಲಿ. ಪೇಪರಿನ ಮುಖ ನೋಡಿದ್ದ ಕಂಡಕ್ಟರ್ ಗುರುತಿಸಿ, ಬಸ್ಸನ್ನು ಸೀದಾ ಠಾಣೆಗೇ ಹೊಡೆಸಿದನಂತೆ. ಒಂದು ಗುಂಡೂ ಹಾರಲಿಲ್ಲ. ವಾಜಿದ್ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ. ಬೂತಿನಲ್ಲೇ ನಿಂತು ನಕ್ಕೆ, ಅತ್ತುಬಿಟ್ಟೆ.

ಟೀ ಅಂಗಡಿಯಲ್ಲಿ ಸಂಭ್ರಮ. ಆದರೆ ಮುನಿಕೃಷ್ಣಪ್ಪ ಅಂದರು, "ಆ ಗಾರೆಯವನದೂ ಏನೋ ಇರ್ಬೇಕು ಬಿಡಮ್ಮ. ಸುಮ್‌ಸುಮ್ನೆ ಹಾಕ್ತಾರಾ ಪೇಪರಲ್ಲಿ?"

"ಹಾಕಿಸಿದ್ದು ನಾನು. ಸುಮ್‌ಸುಮ್ನೆನೇ" ಅಂದೆ. ಗ್ಲಾಸು ಇಟ್ಟು ಎದ್ದು ಬಂದೆ.

ಸಂಜೆ ಜಟ್ಟೆಮ್ಮ ಬಂದಿದ್ದಳು. ಪೇಪರಿನ ಆ ಫೋಟೋದಿಂದಲೇ ಪೊಲೀಸರು ಮಾಡಿಸಿ ಅಂಟಿಸಿದ್ದ ಪೋಸ್ಟರುಗಳಲ್ಲಿ ಇನ್ನೂ ಗಂಡನ ಮುಖವೇ ಇದೆಯಂತೆ. ಮೇಸ್ತ್ರಿ ಅದನ್ನೇ ತೋರಿಸಿ ಕೆಲಸಕ್ಕೆ ಬೇಡ ಅಂದನಂತೆ. ಅವನ್ನು ಕೀಳುವವರೆಗೆ ಮಲಗಲ್ಲ ಅಂದಳು. ಠಾಣೆಗೆ ಹೋಗಿ ಕೇಳಿದೆವು. ನೀವೇ ಕಿತ್ತುಕೊಳ್ಳಿ ಅಂದರು.

28, ಭಾನುವಾರ

ಸ್ಟುಡಿಯೋಗೆ ರಜೆ. ಬಕೆಟ್ಟಿನಲ್ಲಿ ನೀರು, ಪೋಸ್ಟರು ಕೆರೆಯಲು ಪೀರಪ್ಪನ ಗಾರೆ ಕರಣೆ, ಮೂವರೂ. ರೈಲ್ವೆ ಸ್ಟೇಷನ್ನಿನಲ್ಲಿ ನಾಲ್ಕು, ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ಎರಡು, ಬೈಯಪ್ಪನಹಳ್ಳಿ ಗೇಟಿನ ಹತ್ತಿರ ಮೂರು. ಒಬ್ಬ ನಿಂತು, "ಅಣ್ಣಾ, ಇದು ನೀವೇ ಅಲ್ವಾ" ಅಂದ. ಪೀರಪ್ಪ, "ಹೌದ್ರಿ, ನಾನಽ" ಅಂದು ಕೆರೆಯುತ್ತಲೇ ಇದ್ದ. ಮೊದಲ ಸಲ ಅವನು ನಗುವುದನ್ನು ನೋಡಿದೆ.

ಊಟಕ್ಕೆ ಮನೆಗೆ ಬಂದು ಇಷ್ಟು ಬರೆದೆ. ಹಲಸೂರಿನಲ್ಲಿ ಇನ್ನೂ ಒಂಬತ್ತು ಇವೆಯಂತೆ. ಜಟ್ಟೆಮ್ಮ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ, ಬಸ್ಸು ಬಂತ್ರಿ ಅಕ್ಕಾರ ಅಂತ — ಬಕೆಟ್ ಎಲ್ಲಿಟ್ಟೆ? ಹೊರಟೆ.