ಬೆಳ್ಳಗಾದ ಮುಳ್ಳುಂಡೆ

ಅಂಬೇವಾಡಿ, ದಾಂಡೇಲಿ
೨೪ ನವೆಂಬರ್ ೨೦೦೨, ರವಿವಾರ

ಪ್ರೀತಿಯ ನೀಲಕ್ಕನಿಗೆ ನಿನ್ನ ತಂಗಿ ಸುವರ್ಣಾಳ ನಮಸ್ಕಾರಗಳು.

ದೀಪಾವಳಿಗೆ ನೀನು ಬರೆದ ಪತ್ರ ಬಂದು ಎಷ್ಟು ದಿನವಾಯಿತೆಂದು ಲೆಕ್ಕ ಹಾಕುತ್ತ ಕೂಡಬೇಡ. “ನಮ್ಮ ಸುವರ್ಣಿಗೆ ಸೊಕ್ಕ ಬಂದೈತಿ, ಉತ್ತರಾ ಸೈತ ಬರಿಯಂಗಿಲ್ಲ” ಎಂದು ಭಾವನ ಮುಂದೆ ಅಂದಿರುತ್ತೀ, ನನಗೆ ಗೊತ್ತು. ಸೊಕ್ಕು ಮೊದಲಿನಿಂದಲೂ ಇತ್ತು, ಈಗೇನೂ ಹೊಸದಾಗಿ ಬಂದಿಲ್ಲ. ಉತ್ತರ ತಡವಾದದ್ದಕ್ಕೆ ಕಾರಣ ಬೇರೆಯೇ ಇದೆ. ಅದನ್ನು ಹೇಳಲೆಂದೇ ಇವತ್ತು ಅಡಿಗೆ ಬೇಗ ಮುಗಿಸಿ ಕೂತಿದ್ದೇನೆ. ತಪ್ಪಾಯಿತು ಅಂತ ಒಮ್ಮೆ ಅಂದುಬಿಡುತ್ತೇನೆ, ಮುಗಿಯಿತು.

ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯವರ ಮೊಣಕಾಲು ಚಳಿ ಬಿದ್ದ ಮೇಲೆ ಮತ್ತೆ ಶುರುವಾಗಿದೆ, ಆದರೆ ಓಣಿಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಆ ಕಾಲು ಮೊದಲು ಅಲ್ಲಿಗೇ ಓಡುತ್ತದೆ. ಸುದೀಪ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಶನಿವಾರ ಬರುತ್ತಾನೆ, ಒಂದು ಚೀಲ ಹೊಲಸು ಬಟ್ಟೆ ಇಳಿಸಿ ಒಂದು ಚೀಲ ರೊಟ್ಟಿ ಹೇರಿಕೊಂಡು ಹೋಗುತ್ತಾನೆ. ನಮ್ಮ ಮನೆಯವರದು ಅದೇ ಮಿಲ್ಲು, ಅದೇ ಬ್ಲೀಚಿಂಗ್ ವಿಭಾಗ. ಕಾಗದ ಆಗುವ ಮೊದಲು ಮರದ ತಿರುಳಿನ ಕಂದು ಬಣ್ಣದ ಪಲ್ಪನ್ನು ಬೆಳ್ಳಗೆ ಮಾಡುವುದೇ ಅವರ ನೌಕರಿ. ಈ ಪತ್ರದ ತುಂಬ ಅದರದೇ ರಗಳೆ ಇದೆ, ಸಮಾಧಾನದಿಂದ ಓದು.

ಜನವರಿಯಲ್ಲಿ ನಾನು ಪಾಠ ಹೇಳುವ ಕಾಲೇಜಿನ ಜೂವಾಲಜಿ ಹುಡುಗರನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆನಲ್ಲ, ಆಗ ಬಂದರಿನಲ್ಲಿ ಟ್ರಾಲರ್ ಬೋಟಿನವರು ಬಲೆ ಕೊಡವಿ, ಬೇಡವಾದದ್ದನ್ನು ಒಂದು ಕಡೆ ಗುಡ್ಡೆ ಹಾಕಿದ್ದರು. ಅದರೊಳಗೆ ಒಂದು ಸೀ ಅರ್ಚಿನ್ ಸಿಕ್ಕಿತು. ಕನ್ನಡದಲ್ಲಿ ನಾನು ಅದನ್ನು ಮುಳ್ಳುಂಡೆ ಎನ್ನುತ್ತೇನೆ, ಪುಸ್ತಕದವರು ಏನು ಬೇಕಾದರೂ ಅನ್ನಲಿ. ಅದಕ್ಕೆ ತಲೆಯಿಲ್ಲ, ಕಣ್ಣಿಲ್ಲ. ಬಾಯಿ ಕೆಳಗೆ, ಮಲದ್ವಾರ ನೆತ್ತಿಯ ಮೇಲೆ. ನೀನು ಮುಖ ಸಿಂಡರಿಸಬೇಡ, ಅದಕ್ಕೆ ಹಾಗೇ ಅನುಕೂಲ.

ದಂಡೆಯ ಬಂಡೆಗಳ ಸಂದಿಯಲ್ಲಿ ಸಿಗುವ ಸಾಮಾನ್ಯ ಮುಳ್ಳುಂಡೆಗೆ ಮೈತುಂಬ ಸೂಜಿಯಂಥ ಮುಳ್ಳುಗಳು. ನನಗೆ ಸಿಕ್ಕದ್ದಕ್ಕೆ ಮುಳ್ಳು ಕೆಲವೇ, ಆದರೆ ಒಂದೊಂದೂ ಪಾಟಿಯ ಮೇಲೆ ಬರೆಯುವ ಬಳಪದಷ್ಟು ದಪ್ಪ. ಒಳಗಿನ ಚಿಪ್ಪು ಎಂದರೆ ಸುಣ್ಣದ ಬಿಲ್ಲೆಗಳನ್ನು ಸಾಲುಸಾಲಾಗಿ ಜೋಡಿಸಿದ ಗುಂಡನೆಯ ಗೋಡೆ. ಅಗಲವಾದ ಪಟ್ಟಿ ಐದು, ಅವುಗಳ ನಡುನಡುವೆ ಕಿರಿದಾದ ಪಟ್ಟಿ ಐದು. ಅಗಲದ ಪಟ್ಟಿಯ ಬಿಲ್ಲೆಯೊಂದಕ್ಕೆ ಒಂದೇ ದೊಡ್ಡ ಗುಬುಟು, ಗುಬುಟಿಗೆ ಒಂದೇ ದೊಡ್ಡ ಮುಳ್ಳು. ಕಿರಿದಾದ ಪಟ್ಟಿ ಬಳುಕುತ್ತ ಮೇಲಿಂದ ಕೆಳಗೆ ಇಳಿಯುತ್ತದೆ, ಅದರ ತೂತುಗಳಿಂದ ನೀರು ತುಂಬಿದ ಮೆತ್ತನೆಯ ಕಾಲುಗಳು ಹೊರಬರುತ್ತವೆ. ಇದು ಹಳೇ ಮನೆತನದ ಲಕ್ಷಣ ಅಕ್ಕಾ.

ಹಳೇ ಮನೆತನ ಎಂದರೆ ಸುಮ್ಮನೆ ಅಲ್ಲ. ಡೈನೋಸಾರ್‌ಗಳು ಹುಟ್ಟುವ ಮೊದಲೇ ಒಮ್ಮೆ ಕಡಲಿನ ಜೀವಿಗಳಲ್ಲಿ ಹೆಚ್ಚಿನವು ಸತ್ತುಹೋದವು. ಮುಳ್ಳುಂಡೆಗಳ ಇಡೀ ಬಳಗದಲ್ಲಿ ಒಂದೆರಡು ಕವಲು ಮಾತ್ರ ಉಳಿದವು, ಇವತ್ತಿನವೆಲ್ಲ ಅವುಗಳ ಸಂತಾನ. ಆ ಸಂತಾನದಲ್ಲಿ ಹೆಚ್ಚಿನವು ಕಾಲಕ್ಕೆ ತಕ್ಕ ಹಾಗೆ ವೇಷ ಬದಲಿಸಿದವು. ಬಹಳ ಬದಲಾಗದೆ ಹಳೆಯ ರೂಪದಲ್ಲೇ ಬಾಳಿಕೊಂಡು ಬಂದದ್ದು ಸಿಡರಾಯ್ಡಾ ಎಂಬ ಗಣ. ನನ್ನದು ಆ ಗಣದ್ದು ಎಂದು ಬಂದರಿನಲ್ಲಿ ನಿಂತ ಜಾಗದಲ್ಲೇ ಹೇಳಿದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ, ಹುಡುಗಿಯರು ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡರು.

ಇವುಗಳದು ಇನ್ನೊಂದು ವಿಚಿತ್ರವಿದೆ. ಬೇರೆ ಮುಳ್ಳುಂಡೆಗಳ ಮುಳ್ಳಿನ ಮೇಲೆ ಕೊನೆಯವರೆಗೂ ತೊಗಲಿನ ಹೊದಿಕೆ ಇರುತ್ತದೆ. ಇವುಗಳ ದೊಡ್ಡ ಮುಳ್ಳು ಬಲಿತ ಮೇಲೆ ಆ ತೊಗಲು ಹೋಗಿಬಿಡುತ್ತದೆ. ಬರಿದಾದ ಮುಳ್ಳಿನ ಮೇಲೆ ಸಣ್ಣ ಹುಳುಗಳು ಸುಣ್ಣದ ಕೊಳವೆ ಕಟ್ಟಿಕೊಳ್ಳುತ್ತವೆ, ಸ್ಪಂಜುಗಳು ಬಂದು ಅಂಟುತ್ತವೆ. ತಿಳಿಯದವರಿಗೆ ಹೊಲಸು ಹತ್ತಿದಂತೆ ಕಾಣುತ್ತದೆ.

ಗಣ ಗೊತ್ತಾಯಿತು, ಪ್ರಭೇದ ಮಾತ್ರ ಗೊತ್ತಾಗಲಿಲ್ಲ. ಮುಳ್ಳಿನ ತುದಿ ಮೊಗ್ಗು ಒಡೆದಂತೆ ಅರಳಿತ್ತು, ಬುಡದಲ್ಲಿ ನೇರಳೆ ಪಟ್ಟಿ ಇತ್ತು. ಪಿಎಚ್.ಡಿ.ಗೆಂದು ತರಿಸಿದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದರೂ ಅಂಥದ್ದು ಸಿಗಲಿಲ್ಲ. ಕಾರವಾರದ ನನ್ನ ಗೈಡ್ ಸರ್ ನಾನು ಬಿಡಿಸಿದ ಚಿತ್ರ ನೋಡಿ, ಹೊಸ ಪ್ರಭೇದ ಇದ್ದರೂ ಇರಬಹುದು, ಆದರೆ ದಪ್ಪ ಮುಳ್ಳಿದ್ದ ಮಾತ್ರಕ್ಕೆ ಹಳೇ ಗಣವೇ ಆಗಬೇಕಿಲ್ಲ, ನವೆಂಬರಿನಲ್ಲಿ ಕಲಕತ್ತೆಯಿಂದ ತಜ್ಞರೊಬ್ಬರು ಬರುತ್ತಾರೆ, ಆಗ ತನ್ನಿ ಎಂದರು. ಹೊಸದಾದರೆ ಹೆಸರಿಡುವವಳು ನಾನು. ಒಮ್ಮೆ ಇಟ್ಟರೆ ಜಗತ್ತಿನವರೆಲ್ಲ ಅದೇ ಹೆಸರಿನಿಂದ ಕರೆಯಬೇಕು. ನಲವತ್ತಾರರ ಹೆಂಗಸಿಗೆ ಇದು ಯಾಕೆ ಬೇಕು ಎನ್ನಬೇಡ. ನನಗೆ ಬೇಕಿತ್ತು. ಅದನ್ನು ಬಿಟ್ಟು ಇನ್ನೇನೂ ತಲೆಯಲ್ಲಿ ಇರಲಿಲ್ಲ.

ನಮ್ಮ ಬಾಟನಿಯ ಅಡಿವೆಯ್ಯ ಸರ್ ದಿನಾಲೂ ಕಾಡುತ್ತಿದ್ದರು. “ಮೇಡಂ, ಕಾಡಿನ್ಯಾಗ ಕುಂತು ಸಮುದ್ರದ್ದ್ಯಾಕ ಓದ್ತೀರಿ? ಕಾಳಿ ಹೊಳ್ಯಾಗ ಬೇಕಾದಷ್ಟು ಮೊಸಳಿ ಅದಾವು, ಅವನ್ನ ಓದ್ರಿ.”

“ಮೊಸಳಿಗೆ ಹೆಸರಿಟ್ಟಾಗೇತ್ರಿ ಸರ್. ಇದಕ್ಕ ನಾ ಇಡೂದೈತಿ” ಎಂದೆ. ಅಷ್ಟು ಧೈರ್ಯ ನನಗೆ.

ಕಾಲೇಜಿನ ಲ್ಯಾಬ್ ಸೋರುತ್ತದೆಂದು ಅದನ್ನು ಒಣಗಿಸಿ ಬಿಸ್ಕೀಟಿನ ಡಬ್ಬಿಯಲ್ಲಿ ಮನೆಯಲ್ಲೇ ಇಟ್ಟಿದ್ದೆ. ಈ ತಿಂಗಳು ತಜ್ಞರಿಗೆ ತೋರಿಸಲು ಕಾರವಾರಕ್ಕೆ ಹೋಗುವ ಮೂರು ದಿನ ಮೊದಲು ಪರೀಕ್ಷೆಯ ಡ್ಯೂಟಿಗೆ ಹಳಿಯಾಳಕ್ಕೆ ಹೋಗಬೇಕಾಯಿತು. ಸಂಜೆ ಮನೆಗೆ ಬಂದರೆ ಹಿತ್ತಲ ಕಟ್ಟೆಯ ಮೇಲೆ ಟವೆಲ್ಲು ಹಾಸಿದೆ, ಅದರ ಮೇಲೆ ಹಾಲಿನಷ್ಟು ಬೆಳ್ಳಗಿನ ಒಂದು ಉಂಡೆ ಕೂತಿದೆ, ಪಕ್ಕದಲ್ಲಿ ಇವರು ಮದುಮಗನ ಹಾಗೆ ನಗುತ್ತ ನಿಂತಿದ್ದಾರೆ.

“ನೋಡಿಲ್ಲೆ, ಹೆಂಗ ಆಗೇತಿ! ಮೈಯೆಲ್ಲಾ ಹೊಲಸ ಹಿಡದ ಕುಂತಿತ್ತು. ಕಲಕತ್ತಾದವರ ಮುಂದ ಅಂಥಾದ್ದ ಒಯ್ದರ ನಿನ್ನ ಮರ್ಯಾದಿ ಏನ ಉಳೀತಿತ್ತು?”

“ಮುಳ್ಳ ಎಲ್ಲಿ ಅದಾವ್ರಿ?” ಎಂದೆ.

“ಬ್ಲೀಚಿಂಗ್ ಪುಡಿ ನೀರಾಗ ಇಟ್ಟೆ, ಎಲ್ಲಾ ಉದರಿದೂ. ಮ್ಯಾಲಿನ ಸುಣ್ಣಾ ಬಿಡವಲ್ದಾಗಿತ್ತು, ಅದಕ್ಕ ಮುಳ್ಳಷ್ಟ ಬಚ್ಚಲಾ ತೊಳಿಯೂ ಆ್ಯಸಿಡ್‌ನ್ಯಾಗ ಹಾಕಿದೆ. ಬ್ಯಾರೆ ಮಗ್ಗಿನ್ಯಾಗ ಮತ್ತ! ಎರಡೂ ಕೂಡಸಬಾರದಂತ ನನಗ ಗೊತ್ತಿಲ್ಲೇನು? ಇಷ್ಟ ವರ್ಷ ಮಿಲ್ಲಿನ್ಯಾಗ ಏನ ಕತ್ತಿ ಕಾಯ್ದೇನು?”

ಮುಳ್ಳೂ ಸುಣ್ಣದ್ದೇ, ಆ್ಯಸಿಡ್ಡಿನಲ್ಲಿ ಸುಣ್ಣ ಉಳಿಯುತ್ತದೆಯೇ? ತಾಟಿನಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿಗಳಂಥವು ಒಂದಿಷ್ಟು ಬಿದ್ದಿದ್ದವು. ಅರಳಿದ ತುದಿ ಇಲ್ಲ, ನೇರಳೆ ಪಟ್ಟಿ ಇಲ್ಲ. ಮುಳ್ಳುಗಳ ಬುಡದಲ್ಲಿ ಇಕ್ಕಳದಂಥ ಬಹಳ ಸಣ್ಣ ಅಂಗಗಳಿರುತ್ತವೆ, ಪ್ರಭೇದ ಗುರುತಿಸಲು ಅವೂ ಬೇಕು. ಅವು ಬ್ಲೀಚಿಂಗ್ ನೀರಿನ ಜೊತೆ ಮೋರಿಗೆ ಹೋಗಿದ್ದವು. ಅತ್ತೆ ಬಾಗಿಲಲ್ಲಿ ನಿಂತು “ಆಕೀನ್ನ ಕೇಳಿ ಮಾಡೋ ಮಲಕಪ್ಪಾ ಅಂದೆನವಾ, ಕೇಳಲೇ ಇಲ್ಲ” ಎಂದರು.

ನಾನು ಬಾಯಿಗೆ ಬಂದದ್ದು ಅಂದೆ ಅಕ್ಕಾ. ಓಣಿಯವರು ಕೇಳುವ ಹಾಗೆ ಅಂದೆ. ಕೊನೆಗೆ ಅಲ್ಲೇ ಕಟ್ಟೆಯ ಮೇಲೆ ಕೂತು ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ. ಇವರಿಗೆ ದಿಗಿಲಾಯಿತು. ನಾನು ಅತ್ತದ್ದನ್ನು ಇವರು ನೋಡಿ ಎಷ್ಟೋ ವರ್ಷವಾಗಿತ್ತು.

ಆದರೆ ನಾನು ಅಳುತ್ತ ಕೂಡುವವಳಲ್ಲ. ಮರುದಿನ ಭೂತಗನ್ನಡಿ ಹಿಡಿದು ಆ ಬಿಳಿಯ ಚಿಪ್ಪನ್ನು ನೋಡಿದೆ. ನೋಡುತ್ತ ಹೋದಂತೆ ಜೀವ ಬಂತು. ತೊಗಲೆಲ್ಲ ಹೋಗಿ ಬಿಲ್ಲೆ ಬಿಲ್ಲೆಯ ಬೆಸುಗೆಯೂ ಎದ್ದು ಕಾಣುತ್ತಿತ್ತು. ನಾಡಿದ್ದು ಹೊರಡುತ್ತೇನೆ ಎಂದು ಘೋಷಿಸಿದೆ. ಇವರು ರಜೆ ಹಾಕಿ ಬೆನ್ನು ಹತ್ತಿದರು. ಬೇಡವೆಂದರೂ ಕೇಳಲಿಲ್ಲ. ಜೋಯಿಡಾ ದಾಟಿ ಘಟ್ಟ ಇಳಿಯುವಾಗ ಬಸ್ಸು ಹೊಯ್ದಾಡಿತು. ಇವರು ವಾಂತಿಯನ್ನು ತಡೆದುಕೊಂಡರೇ ವಿನಾ ತೊಡೆಯ ಮೇಲಿನ ಡಬ್ಬಿಯಿಂದ ಕೈ ತೆಗೆಯಲಿಲ್ಲ.

ಕಲಕತ್ತೆಯ ತಜ್ಞರು ವಯಸ್ಸಾದವರು, ಮಾತು ಕಡಿಮೆ. ನಾನೇ ಮಾತಾಡಿದೆ. ನೋಡಿ ಸರ್, ಕಿರಿದಾದ ಪಟ್ಟಿಯ ಬಿಲ್ಲೆಗೆ ಒಂದೇ ಜೊತೆ ತೂತು. ಬಾಯಿಯ ಅಂಚಿನಲ್ಲಿ ಕಿವಿರುಗಳಿಗಾಗಿ ಕಚ್ಚು ಇಲ್ಲ, ಯಾಕೆಂದರೆ ಇದಕ್ಕೆ ಅಂಥ ಕಿವಿರೇ ಇಲ್ಲ. ಒಳಗೆ ಹಲ್ಲಿನ ಸ್ನಾಯುಗಳು ಹಿಡಿದುಕೊಳ್ಳುವ ಆಸರೆ ಅಗಲದ ಪಟ್ಟಿಯಲ್ಲಿದೆ, ಹೊಸ ಕಾಲದವುಗಳಿಗೆ ಅದು ಕಿರಿದಾದ ಪಟ್ಟಿಯಲ್ಲಿ ಇರುತ್ತದೆ. ದಪ್ಪ ಮುಳ್ಳಿನ ಹೊಸ ಜಾತಿ ಇದಲ್ಲ, ಹಳೇ ಮನೆತನದ್ದೇ. ಅವರು ತಿರುಗಿಸಿ ತಿರುಗಿಸಿ ನೋಡಿ, ಗಣದ ಬಗ್ಗೆ ಸಂಶಯವೇ ಇಲ್ಲ, ಚೆನ್ನಾಗಿ ಓದಿದ್ದೀರಿ ಎಂದರು. ಗೈಡ್ ಸರ್ ಕೈ ಕುಲುಕಿದರು.

ಆಮೇಲೆ ಮುಳ್ಳು ಕೇಳಿದರು. ತಾಟಿನಿಂದ ಆರಿಸಿ ತಂದ ಕಡ್ಡಿಗಳನ್ನು ತೋರಿಸಿದೆ. ಅವರು ಕನ್ನಡಕ ತೆಗೆದು ಇಟ್ಟರು. ನನ್ನ ಚಿತ್ರಗಳನ್ನು ಬಹಳ ಹೊತ್ತು ನೋಡಿ, ಹೊಸದೇ ಇರಬಹುದು, ಆದರೆ ಇಷ್ಟರ ಮೇಲೆ ನಾನು ಹೇಳಲಾರೆ, ಯಾರೂ ಹೇಳಲಾರರು ಎಂದರು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಇವರು ಮುಂದೆ ಬಂದು ತಮ್ಮ ಮಿಲ್ಲಿನ ಹಿಂದಿಯಲ್ಲಿ “ಸಾಬ್, ಗಲತಿ ಮೇರಾ ಹೈ. ಇನಕಾ ನಹೀಂ” ಎಂದು ತಪ್ಪನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡು ಕೈ ಮುಗಿದರು. ನನಗೆ ಇವರ ಮೇಲಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು.

ಹೀಗಾಗಿ ನಮ್ಮ ಕರಾವಳಿಯ ಜೀವಿಗಳ ಪಟ್ಟಿಯಲ್ಲಿ ಈಗ ಒಂದು ಹಳೇ ಮುಳ್ಳುಂಡೆ ಸೇರಿದೆ, ಕಂಡವರು ಸುವರ್ಣಾ ಎಂದು ಇದೆ, ಪ್ರಭೇದದ ಜಾಗದಲ್ಲಿ ಮಾತ್ರ ‘ಹೆಸರು ನಿರ್ಧಾರವಾಗಿಲ್ಲ’ ಎಂದಿದೆ. ಪಿಎಚ್.ಡಿ.ಗೆ ಏನೂ ಧಕ್ಕೆಯಿಲ್ಲ. ಬೋಟಿನವರಿಗೆ ಹೇಳಿಟ್ಟು ಬಂದಿದ್ದೇನೆ, ಇಂಥದ್ದು ಇನ್ನೊಂದು ಬಲೆಗೆ ಬಿದ್ದರೆ ಎತ್ತಿಡುತ್ತಾರೆ. ಬಿದ್ದೇ ಬೀಳುತ್ತದೆ. ಕಡಲಿನಲ್ಲಿ ಅದೊಂದೇ ಇತ್ತೇನು?

ಸಂಕ್ರಾಂತಿಗೆ ನೀನು ಬರಲೇಬೇಕು. ಮುಂಡಗೋಡದಿಂದ ಬಸ್ಸು ಹತ್ತಿ ಒಂದು ಫೋನು ಮಾಡಿಸು, ಇವರು ಸ್ಟ್ಯಾಂಡಿಗೆ ಬಂದು ನಿಲ್ಲುತ್ತಾರೆ. ಬರುವಾಗ ನಿನ್ನ ಕೈಯ ಶೇಂಗಾ ಹಿಂಡಿ ತಾ. ಭಾವನಿಗೆ ನಮಸ್ಕಾರ, ಮಕ್ಕಳಿಗೆಲ್ಲ ನನ್ನ ಆಶೀರ್ವಾದ, ಹೊಸ ಸೊಸೆಗೆ ಒಂದು ಹೆಚ್ಚಿಗೆ. ನಿಮ್ಮ ಮನೆ ಸದಾ ತುಂಬಿಕೊಂಡಿರಲಿ.

ನಿನ್ನ ತಂಗಿ,
ಸುವರ್ಣಾ

ತಾ.ಕ.: ಲಕೋಟೆಗೆ ಅಂಟು ಹಚ್ಚಲು ಹೋದವಳು ಮತ್ತೆ ಬರೆಯಲು ಕೂತಿದ್ದೇನೆ. ಒಂದು ಮುಳ್ಳುಂಡೆಗಾಗಿ ಅಷ್ಟು ಅತ್ತಳೇ ಎಂದು ನಿನಗೆ ಅನ್ನಿಸದೆ ಇರದು. ನಿನ್ನ ಮುಂದೆ ಏನು ಮುಚ್ಚುಮರೆ. ಸನವಳ್ಳಿಯಲ್ಲಿ ನಿನ್ನ ಮನೆಯಲ್ಲಿ ನಾನು ಹಡೆದ ಮೊದಲ ಕೂಸು, ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಯಿತಲ್ಲ. ಹೆಸರಿಡದ ಕೂಸಿನ ಸುದ್ದಿ ತೆಗೆಯಬಾರದು ಎಂದು ಹಿರಿಯರು ಹೇಳಿದರು, ಯಾರೂ ತೆಗೆಯಲಿಲ್ಲ. ಸುದೀಪ ಹುಟ್ಟಿದ ಮೇಲೆ ಎಲ್ಲರಿಗೂ ಮರೆತೇಹೋಯಿತು. ನಾನು ಮಾತ್ರ ಮನಸ್ಸಿನಲ್ಲಿ ಅವಳನ್ನು ಇಂದುಮತಿ ಎಂದು ಕರೆಯುತ್ತ ಬಂದೆ. ಆ ಮುಳ್ಳುಂಡೆಗೆ ಇಡಬೇಕೆಂದಿದ್ದ ಹೆಸರು ಅದು. ಎಲ್ಲಿಯಾದರೂ ಒಂದು ಕಡೆ, ಯಾರಾದರೂ ಅವಳ ಹೆಸರನ್ನು ಬಾಯಿಬಿಟ್ಟು ಓದಲಿ ಎಂದು ನನಗೆ ಆಸೆಯಿತ್ತು.

ಇವತ್ತು ಊಟವಾದ ಮೇಲೆ ಇವರು “ಹೊಸಾದ ಆಗಿದ್ದರ ಏನ ಹೆಸರ ಇಡಾಕಿ ಇದ್ದಿ?” ಎಂದು ಕೇಳಿದರು. ಹೇಳಿದೆ. ಯಾರ ಹೆಸರೆಂದೂ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಂತಿತು. ಎಲೆಯನ್ನು ಕೆಳಗಿಟ್ಟು, “ನಾನೂ ಒಂದ ಹೆಸರ ತಗೊಂಡು ಬಂದಿದ್ನೆಲಾ ಸನವಳ್ಳಿಗೆ, ತೊಟ್ಟಲಕ್ಕ ಹಾಕೂದೈತಿ ಅಂತ. ಬಸ್ಸಿನ್ಯಾಗ ಕುಂತು ಆರಿಸಿದ್ದೆ. ಬರೂದ್ರಾಗ ಎಲ್ಲಾ ಮುಗದಿತ್ತು. ಯಾರೂ ಕೇಳಲಿಲ್ಲ” ಎಂದರು.

ಏನು ಹೆಸರು ಎಂದು ನಾನು ಕೇಳಿದೆ. ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ ಅಕ್ಕಾ. ಸಂಕ್ರಾಂತಿಗೆ ಬಂದಾಗ ನೀನೂ ಒಮ್ಮೆ ಅವರನ್ನು ಕೇಳು.